ಹಸಿರು ಚುಕ್ಕಿ ಇದ್ರೆ ಸಾಕಾ? ವೆಜ್ ಬರ್ಗರ್ ಪ್ಯಾಕೆಟ್ ವೀಗನ್ ಹೌದೋ ಅಲ್ವೋ ನೋಡೋದು ಹೇಗೆ



ಈ ವಾರ ಗೊಬ್ಬರದ ಮಾತಿಲ್ಲ, ಕೀಟದ ಮಾತಿಲ್ಲ. ಅಂಗಡಿಯ ಫ್ರೀಜರ್‌ನಲ್ಲಿ ಸಿಗೋ ಒಂದು ವೆಜ್ ಬರ್ಗರ್ ಪ್ಯಾಕೆಟ್ ಕೈಯಲ್ಲಿ ಹಿಡಿದು ಓದೋದನ್ನ ಕಲಿಯೋಣ. ರೈತರಿಗೆ ಇದು ಯಾಕೆ ಅಂತೀರಾ? ನಮ್ಮಲ್ಲಿ ತುಂಬ ಜನ ಈಗ ಹಲಸು, ಬಾಳೆಕಾಯಿ, ಸಿರಿಧಾನ್ಯ, ಅವರೆಕಾಳಲ್ಲಿ ಪ್ಯಾಟಿ, ಕಟ್ಲೆಟ್ ಮಾಡಿ ಮಾರೋಕೆ ಶುರು ಮಾಡಿದ್ದೀರಿ. ಪೇಟೆ ಗಿರಾಕಿ ಕೇಳೋ ಮೊದಲ ಪ್ರಶ್ನೆ, "ಇದು ವೀಗನ್ನಾ?" ಈ ಪ್ರಶ್ನೆಗೆ ಒಂದ್ಸಲ ನಾನು ಗೊತ್ತಿಲ್ಲದೇ ಉತ್ತರ ಕೊಟ್ಟು ಸಿಕ್ಕಿಹಾಕಿಕೊಂಡಿದ್ದೆ. ಮೊದಲು ಅದನ್ನೇ ಹೇಳಿಬಿಡ್ತೀನಿ.

ನಾನು ಮಾಡಿದ ತಪ್ಪು

ಎರಡು ವರ್ಷದ ಹಿಂದಿನ ಮಾತು. ಹಲಸಿನ ಎಳೆಕಾಯಿ ಸೀಸನ್. ನಾವು ಆರು ಜನ ರೈತರು ಸೇರಿ ಬಾಡಿಗೆಯ ಒಂದು ಸಂಸ್ಕರಣಾ ಘಟಕದಲ್ಲಿ ಹಲಸಿನಕಾಯಿ ಪ್ಯಾಟಿ ಮಾಡಿದ್ವಿ. ಕಾಯಿ ನಮ್ಮ ತೋಟದ್ದು, ಆಲೂಗಡ್ಡೆ ಹಾಸನದ ಕಡೆಯದು, ಮಸಾಲೆ ಮನೆಯಲ್ಲೇ ಹುರಿದು ಪುಡಿ ಮಾಡಿದ್ದು. ಬೆಂಗಳೂರಿನ ಒಂದು ಅಂಗಡಿ 120 ಪ್ಯಾಕೆಟ್ ತಗೊಂಡಿತು. ಪ್ಯಾಕೆಟ್ ಮೇಲೆ ದೊಡ್ಡದಾಗಿ "ವೀಗನ್" ಅಂತ ಸ್ಟಿಕ್ಕರ್ ನಾವೇ ಅಂಟಿಸಿದ್ವಿ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಇನ್ನೇನು ಬೇಕು ಅಂದುಕೊಂಡಿದ್ವಿ.

ನಾಲ್ಕನೇ ದಿನ ಸಂಜೆ ಒಬ್ಬ ತಾಯಿ ಫೋನ್ ಮಾಡಿದ್ರು. ಪ್ಯಾಕೆಟ್ ಮೇಲಿದ್ದ ನಂಬರ್ ನನ್ನದೇ. "ನನ್ನ ಮಗನಿಗೆ ಹಾಲು ಅಂದ್ರೆ ಅಲರ್ಜಿ. ವೀಗನ್ ಅಂತ ಇದೆ, ಕೊಡಬಹುದಲ್ವಾ?" ಅಂತ ಕೇಳಿದ್ರು. "ಧಾರಾಳವಾಗಿ ಕೊಡಿ ಅಕ್ಕ, ಹಾಲಿನ ಹನಿಯೂ ಇಲ್ಲ" ಅಂದುಬಿಟ್ಟೆ.

ಫೋನ್ ಇಟ್ಟ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ಪ್ಯಾಟಿಯ ಮೇಲೆ ಹಚ್ಚಿದ್ದ ಬ್ರೆಡ್ ಪುಡಿ ನಾವು ಮಾಡಿದ್ದಲ್ಲ, ಐದು ಕೆಜಿ ಚೀಲದಲ್ಲಿ ತಂದಿದ್ದು. ಘಟಕದಲ್ಲಿದ್ದ ಹುಡುಗನಿಗೆ ಹೇಳಿ ಖಾಲಿ ಚೀಲದ ಹಿಂಭಾಗದ ಫೋಟೋ ತರಿಸಿಕೊಂಡೆ. ಜೂಮ್ ಮಾಡಿ ನೋಡಿದ್ರೆ: ಮೈದಾ, ಸಕ್ಕರೆ, ಈಸ್ಟ್, ಉಪ್ಪು, ಮಿಲ್ಕ್ ಸಾಲಿಡ್ಸ್. ಅಂದ್ರೆ ಹಾಲಿನ ಪುಡಿ.

ತಕ್ಷಣ ಆ ತಾಯಿಗೆ ವಾಪಸ್ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ್ರು. ಕಾವಲಿ ಒಲೆ ಮೇಲಿತ್ತಂತೆ. "ಕೊಡಬೇಡಿ ಅಕ್ಕ, ನಾನು ನೋಡದೇ ಹೇಳಿದ್ದೆ, ತಪ್ಪಾಯ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಫೋನ್ ಮಾಡಿದ್ರಲ್ಲ, ಅಷ್ಟು ಸಾಕು" ಅಂದ್ರು. ಮಾರನೇ ದಿನ ಅಂಗಡಿಯಲ್ಲಿ ಉಳಿದಿದ್ದ ಪ್ಯಾಕೆಟ್ ಎಲ್ಲ ವಾಪಸ್ ತಂದ್ವಿ. ಬ್ರೆಡ್ ಪುಡಿ ಕಂಪನಿಯ ತಪ್ಪು ಏನೂ ಇಲ್ಲ, ಅವರು ಚೀಲದ ಮೇಲೆ ಸರಿಯಾಗೇ ಬರೆದಿದ್ರು. ಓದದೇ ಇದ್ದವನು ನಾನು. ಅವತ್ತಿಂದ ಪ್ಯಾಕೆಟ್ ಓದೋದನ್ನ ಒಂದು ಪಾಠದ ಥರ ಕಲಿತೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಕೊಡ್ತಿದ್ದೀನಿ.

ವೀಗನ್ ಅಂದ್ರೆ ಏನು?

ನಮ್ಮ ಮನೆಗಳಲ್ಲಿ ಹಾಲು, ತುಪ್ಪ ಇಲ್ಲದೇ ಹಬ್ಬದ ಊಟ ಆಗಲ್ಲ. ಸಸ್ಯಾಹಾರ ಅಂದ್ರೆ ಹಾಲು ಸೇರಿದ್ದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ವೀಗನ್ ಹಾಗಲ್ಲ. ಮಾಂಸ, ಮೀನು, ಮೊಟ್ಟೆ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನುತುಪ್ಪ ಎಲ್ಲ ಬಿಟ್ಟದ್ದು ವೀಗನ್. ಈ ಪದ ಹುಟ್ಟಿದ್ದು 1944ರಲ್ಲಿ, ಬ್ರಿಟನ್‌ನಲ್ಲಿ. ಹಾಲು ಕೂಡ ಬೇಡ ಅನ್ನೋ ಸಸ್ಯಾಹಾರಿಗಳು ತಮ್ಮದೇ ಸಂಘ ಕಟ್ಟಿಕೊಂಡು ಈ ಹೆಸರು ಇಟ್ಟುಕೊಂಡರು.

ನಾವು ಹಸು ಸಾಕೋರು. ಗಿರಾಕಿ ಹಾಲು ಬೇಡ ಅಂದ್ರೆ ಸ್ವಲ್ಪ ಬೇಜಾರಾಗೋದು ಸಹಜ. ಆದ್ರೆ ಅವರು ಕೇಳ್ತಿರೋದು ನಮ್ಮ ಅಭಿಪ್ರಾಯ ಅಲ್ಲ, ಪ್ಯಾಕೆಟ್ ಒಳಗೆ ಏನಿದೆ ಅನ್ನೋ ಮಾಹಿತಿ. ಅದನ್ನ ಸರಿಯಾಗಿ ಕೊಡೋದು ನಮ್ಮ ಕೆಲಸ.

ಹಂತ 1: ಗುರುತು ನೋಡಿ

ನಮ್ಮ ದೇಶದ ಪ್ಯಾಕೆಟ್ ಮೇಲೆ ಮೂರು ಗುರುತು ಗೊತ್ತಿರಬೇಕು.

1. ಹಸಿರು ಚೌಕದೊಳಗೆ ಹಸಿರು ಚುಕ್ಕಿ: ಸಸ್ಯಾಹಾರ.
2. ಕಂದು ಚೌಕದೊಳಗೆ ಕಂದು ತ್ರಿಕೋನ: ಮಾಂಸಾಹಾರ. ಮೊದಲು ಇಲ್ಲೂ ಚುಕ್ಕಿಯೇ ಇತ್ತು. ಬಣ್ಣ ಗುರುತಿಸೋಕೆ ಕಷ್ಟ ಆಗೋರಿಗೆ ಅನುಕೂಲ ಆಗಲಿ ಅಂತ 2020ರ ಲೇಬಲ್ ನಿಯಮದಲ್ಲಿ ತ್ರಿಕೋನ ಮಾಡಿದ್ರು.
3. ಹಸಿರು ಚೌಕದೊಳಗೆ ಇಂಗ್ಲಿಷಿನ ವಿ ಅಕ್ಷರ, ಜೊತೆಗೆ ಪುಟ್ಟ ಎಲೆ, ಕೆಳಗೆ ವೀಗನ್ ಅನ್ನೋ ಪದ: ಇದು ಎಫ್‌ಎಸ್‌ಎಸ್‌ಎಐನ ವೀಗನ್ ಗುರುತು. 2022ರ ವೀಗನ್ ಆಹಾರ ನಿಯಮದ ಜೊತೆ ಬಂದಿದ್ದು.

ಹಸಿರು ಚುಕ್ಕಿಯ ವಿಷಯದಲ್ಲೇ ಎಲ್ಲರೂ ಎಡವೋದು. ನಿಯಮದ ಪ್ರಕಾರ ಪ್ರಾಣಿ, ಪಕ್ಷಿ, ಮೀನು, ಕೀಟ, ಮೊಟ್ಟೆ ಅಥವಾ ಪ್ರಾಣಿಮೂಲದ ಪದಾರ್ಥ ಇದ್ರೆ ಅದು ಮಾಂಸಾಹಾರ. ಆದ್ರೆ ಕೆಲವಕ್ಕೆ ವಿನಾಯಿತಿ ಇದೆ: ಹಾಲು, ಹಾಲಿನ ಉತ್ಪನ್ನ, ಜೇನುತುಪ್ಪ, ಜೇನುಮೇಣ ಮತ್ತು ಶೆಲ್ಲಾಕ್. ಶೆಲ್ಲಾಕ್ ಅಂದ್ರೆ ಅರಗಿನ ಹುಳದಿಂದ ಬರೋ ಅರಗು. ಇವೆಲ್ಲ ಇದ್ರೂ ಹಸಿರು ಚುಕ್ಕಿ ಹಾಕಬಹುದು.

ಇದನ್ನ ತಿರುಗಿಸಿ ನೋಡಿ, ನಮ್ಮ ಕೆಲಸ ಎಷ್ಟು ಸುಲಭ ಆಗತ್ತೆ ಅಂತ. ಹಸಿರು ಚುಕ್ಕಿ ಇದೆ ಅಂದ್ರೆ ಮಾಂಸ, ಮೊಟ್ಟೆ, ಮೀನಿನ ಪ್ರಶ್ನೆ ಮುಗೀತು. ಇನ್ನು ಹುಡುಕಬೇಕಾದ್ದು ನಾಲ್ಕೇ: ಹಾಲು, ಜೇನು, ಜೇನುಮೇಣ, ಅರಗು. ಬರ್ಗರ್ ಪ್ಯಾಟಿಯಲ್ಲಿ ಜೇನುಮೇಣ, ಅರಗು ಅಪರೂಪ, ಅವು ಹೆಚ್ಚಾಗಿ ಹೊಳಪು ಕೊಟ್ಟ ಮಿಠಾಯಿಗಳಲ್ಲಿ ಸಿಗ್ತವೆ. ಹಾಗಾಗಿ ಮುಖ್ಯವಾಗಿ ಹುಡುಕೋದು ಹಾಲು, ಆಮೇಲೆ ಜೇನು.

ವಿ ಗುರುತು ಇದ್ರೆ ನಿಶ್ಚಿಂತೆ ಜಾಸ್ತಿ. ಬರೀ ಪದಾರ್ಥ ಅಷ್ಟೇ ಅಲ್ಲ, ಸೇರ್ಪಡೆ, ಸುವಾಸನೆ, ಕಿಣ್ವ, ತಯಾರಿಕೆಯ ಹಂತದಲ್ಲಿ ಬಳಸೋ ಸಹಾಯಕ ವಸ್ತು ಯಾವುದೂ ಪ್ರಾಣಿಮೂಲದ್ದು ಆಗಿರಬಾರದು ಅಂತ ಆ ನಿಯಮ ಹೇಳತ್ತೆ. ವಿ ಗುರುತು ಇಲ್ಲ ಅಂದ ಮಾತ್ರಕ್ಕೆ ಅದು ವೀಗನ್ ಅಲ್ಲ ಅಂತಲೂ ತೀರ್ಮಾನ ಮಾಡಬೇಡಿ. ಮುಂದಿನ ಹಂತಕ್ಕೆ ಹೋಗಿ.

ಹಂತ 2: ಅಲರ್ಜಿ ಸಾಲು ಮೊದಲು ಓದಿ

ಪದಾರ್ಥಗಳ ಉದ್ದ ಪಟ್ಟಿ ಓದೋಕೆ ಮೊದಲು ಅದರ ಕೆಳಗೆ "ಕಂಟೇನ್ಸ್" ಅಂತ ಶುರುವಾಗೋ ಸಾಲು ಹುಡುಕಿ. ಗ್ಲುಟೆನ್ ಇರೋ ಧಾನ್ಯ, ಸೋಯಾ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು ಇಂಥವು ಇದ್ರೆ ಪ್ರತ್ಯೇಕವಾಗಿ ಹೇಳಲೇಬೇಕು ಅಂತ ನಿಯಮ ಇದೆ. "ಕಂಟೇನ್ಸ್ ವೀಟ್, ಸೋಯ್, ಮಿಲ್ಕ್" ಅಂತ ಇದ್ರೆ ಅಲ್ಲಿಗೆ ಮುಗೀತು. ಹಾಲಿದೆ, ವೀಗನ್ ಅಲ್ಲ. ಹತ್ತು ಸೆಕೆಂಡಿನ ಕೆಲಸ.

ಈ ಸಾಲು ಇನ್ನೊಂದು ಕಾರಣಕ್ಕೂ ಮುಖ್ಯ. ಮಸಾಲೆ ಮಿಶ್ರಣ, ಬ್ರೆಡ್ ಪುಡಿ ಥರ ಹಲವು ಪದಾರ್ಥ ಸೇರಿ ಆದ ಒಂದು ಪದಾರ್ಥ ಒಟ್ಟು ಆಹಾರದಲ್ಲಿ 5%ಗಿಂತ ಕಡಿಮೆ ಇದ್ರೆ, ಅದರೊಳಗಿನ ಎಲ್ಲವನ್ನೂ ಬಿಡಿಸಿ ಬರೆಯೋದು ಕಡ್ಡಾಯ ಅಲ್ಲ. ಆದ್ರೆ ಅದರಲ್ಲಿ ಹಾಲಿದ್ರೆ ಅಲರ್ಜಿ ಸಾಲಿನಲ್ಲಿ ಬರಲೇಬೇಕು. ಜೇನಿಗೆ ಈ ರಕ್ಷಣೆ ಇಲ್ಲ, ಅದು ಅಲರ್ಜಿ ಪಟ್ಟಿಯಲ್ಲಿ ಇಲ್ಲ. "ಹನಿ ಚಿಲ್ಲಿ", "ಬಾರ್ಬೆಕ್ಯೂ" ಥರದ ಹೆಸರಿದ್ರೆ ಸ್ವಲ್ಪ ಹೆಚ್ಚು ಹುಷಾರಾಗಿ ನೋಡಿ.

"ಮೇ ಕಂಟೇನ್ ಮಿಲ್ಕ್" ಅನ್ನೋದು ಬೇರೆ. ಹಾಲು ಹಾಕಿಲ್ಲ, ಆದ್ರೆ ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವೂ ತಯಾರಾಗೋದರಿಂದ ಅಂಶ ಸೇರಿರಬಹುದು ಅಂತ ಅರ್ಥ. ತುಂಬ ಜನ ವೀಗನ್‌ಗಳು ಇದನ್ನ ಒಪ್ಪಿಕೊಳ್ತಾರೆ. ಹಾಲಿನ ಅಲರ್ಜಿ ಇರೋರಿಗೆ ಮಾತ್ರ ಇದು ಅಪಾಯ. ವೀಗನ್ ಅನ್ನೋದೂ ಅಲರ್ಜಿಗೆ ಸುರಕ್ಷಿತ ಅನ್ನೋದೂ ಎರಡು ಬೇರೆ ಬೇರೆ ಮಾತು, ಇವೆರಡನ್ನ ಯಾವತ್ತೂ ಸೇರಿಸಬೇಡಿ.

ಹಂತ 3: ಹಾಲಿನ ಬೇರೆ ಹೆಸರುಗಳು

ಈಗ ಪೂರ್ತಿ ಪಟ್ಟಿ ಓದಿ. ಯಾವುದು ಜಾಸ್ತಿ ಇದೆಯೋ ಅದು ಮೊದಲು, ಕಡಿಮೆ ಇರೋದು ಕೊನೆಗೆ, ಇದು ಪಟ್ಟಿಯ ಕ್ರಮ. ಅಕ್ಷರ ಸಣ್ಣದಿದ್ರೆ ಫೋಟೋ ತೆಗೆದು ದೊಡ್ಡದು ಮಾಡಿ. ಪಟ್ಟಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರತ್ತೆ, ಹಾಗಾಗಿ ಈ ಪದಗಳನ್ನ ಕಿವಿಗೆ ಪರಿಚಯ ಮಾಡಿಕೊಳ್ಳಿ:

- ಮಿಲ್ಕ್ ಸಾಲಿಡ್ಸ್, ಸ್ಕಿಮ್ಡ್ ಮಿಲ್ಕ್ ಪೌಡರ್: ಹಾಲಿನ ಪುಡಿ
- ವೇ ಪೌಡರ್, ವೇ ಪ್ರೋಟೀನ್: ಹಾಲು ಒಡೆದಾಗ ಉಳಿಯೋ ತಿಳಿನೀರಿನಿಂದ ಮಾಡಿದ್ದು
- ಕೇಸಿನ್, ಸೋಡಿಯಂ ಕೇಸಿನೇಟ್: ಹಾಲಿನ ಪ್ರೋಟೀನು
- ಲ್ಯಾಕ್ಟೋಸ್: ಹಾಲಿನ ಸಕ್ಕರೆ
- ಬಟರ್, ಬಟರ್‌ಮಿಲ್ಕ್ ಪೌಡರ್, ಘೀ, ಕರ್ಡ್ ಪೌಡರ್, ಕ್ರೀಮ್, ಚೀಸ್, ಪನೀರ್, ಖೋವಾ

ಹೆಸರು ಕೇಳಿ ಹೆದರಿಸೋ ಆದ್ರೆ ಹಾಲಲ್ಲದ ಪದಗಳೂ ಇವೆ. ಲ್ಯಾಕ್ಟಿಕ್ ಆ್ಯಸಿಡ್, ಅಂದ್ರೆ ಐಎನ್‌ಎಸ್ 270, ಸಾಮಾನ್ಯವಾಗಿ ಸಕ್ಕರೆ ಅಥವಾ ಪಿಷ್ಟ ಹುಳಿ ಬರಿಸಿ ಮಾಡೋದು. ಕೋಕೋ ಬಟರ್, ಪೀನಟ್ ಬಟರ್, ಕೋಕನಟ್ ಮಿಲ್ಕ್ ಇವುಗಳಲ್ಲಿ ಹೆಸರಿಗಷ್ಟೇ ಬೆಣ್ಣೆ, ಹಾಲು. ಇದಕ್ಕೆ ತದ್ವಿರುದ್ಧ "ನಾನ್ ಡೇರಿ ಕ್ರೀಮರ್". ಡೇರಿ ಅಲ್ಲ ಅಂತ ಹೆಸರಿದ್ರೂ ಕೆಲವದರಲ್ಲಿ ಸೋಡಿಯಂ ಕೇಸಿನೇಟ್ ಇರತ್ತೆ.

ಹಂತ 4: ಐಎನ್‌ಎಸ್ ನಂಬರ್‌ಗಳು

ನಂಬರ್ ಕಂಡ ಕೂಡಲೇ ರಾಸಾಯನಿಕ, ವಿಷ ಅಂತ ಗಾಬರಿ ಬೀಳಬೇಡಿ. ಬರ್ಗರ್‌ನಲ್ಲಿ ಪದೇ ಪದೇ ಕಾಣೋವು ಇವು:

- 461, ಮೀಥೈಲ್ ಸೆಲ್ಯುಲೋಸ್: ಸಸ್ಯದ ನಾರಿನಿಂದ ಮಾಡಿದ್ದು. ಬಿಸಿ ಆದಾಗ ಗಟ್ಟಿಯಾಗಿ ಪ್ಯಾಟಿ ಉದುರದ ಹಾಗೆ ಹಿಡಿದಿಡತ್ತೆ. ಮೊಟ್ಟೆಯ ಬದಲಿಗೆ ಬಳಸೋದು ಇದನ್ನೇ.
- 407, ಕ್ಯಾರಗೀನನ್: ಸಮುದ್ರದ ಪಾಚಿಯಿಂದ.
- 412, ಗೌರ್ ಗಮ್: ಗೋರಿಕಾಯಿ ಬೀಜದಿಂದ. ನಮ್ಮ ಹೊಲದ ಚವಳಿಕಾಯಿ ಇದೆಯಲ್ಲ, ಅದೇ ಗಿಡ.
- 415, ಕ್ಸಾಂಥನ್ ಗಮ್: ಸೂಕ್ಷ್ಮಾಣು ಬಳಸಿ ಹುಳಿ ಬರಿಸಿ ಮಾಡಿದ್ದು.
- 322, ಲೆಸಿಥಿನ್: ಸೋಯಾ, ಸೂರ್ಯಕಾಂತಿ ಅಥವಾ ಮೊಟ್ಟೆಯಿಂದ ಬರಬಹುದು. ಹಸಿರು ಚುಕ್ಕಿ ಇದ್ರೆ ಮೊಟ್ಟೆಯದ್ದಲ್ಲ.
- 471: ಸಸ್ಯ ಎಣ್ಣೆಯಿಂದಲೂ ಮಾಡ್ತಾರೆ, ಪ್ರಾಣಿ ಕೊಬ್ಬಿನಿಂದಲೂ ಮಾಡ್ತಾರೆ. ಹಸಿರು ಚುಕ್ಕಿ ಇರೋದರಲ್ಲಿ ಪ್ರಾಣಿ ಕೊಬ್ಬು ಬಳಸೋ ಹಾಗಿಲ್ಲ.
- 901 ಜೇನುಮೇಣ, 904 ಶೆಲ್ಲಾಕ್: ಹಸಿರು ಚುಕ್ಕಿ ಇದ್ರೂ ವೀಗನ್ ಅಲ್ಲ.

ಹಂತ 5: ಪ್ಯಾಟಿ ಮಾತ್ರ ನೋಡಿ ಬಿಡಬೇಡಿ

ಬರ್ಗರ್ ಅಂದ್ರೆ ಮೂರು ಭಾಗ. ಒಳಗಿನ ಪ್ಯಾಟಿ, ಅದರ ಮೇಲಿನ ಗರಿಗರಿ ಪದರ, ಹೊರಗಿನ ಬನ್ನು ಮತ್ತು ಸಾಸು. ಪ್ಯಾಟಿ ಬರೀ ತರಕಾರಿಯದ್ದಾದ್ರೂ ಹೊರಗಿನ ಬ್ರೆಡ್ ಪುಡಿಯಲ್ಲಿ ಹಾಲಿನ ಪುಡಿ ಇರಬಹುದು, ನಮಗಾದ ಹಾಗೆ. ಬನ್ ಮೆತ್ತಗಾಗಲಿ ಅಂತ ಹಾಲು, ಬೆಣ್ಣೆ ಹಾಕೋದು ಸಾಮಾನ್ಯ. "ಎಗ್‌ಲೆಸ್" ಮೆಯೊನೀಸ್‌ಗಳಲ್ಲಿ ಮೊಟ್ಟೆಯ ಜಾಗಕ್ಕೆ ಹಾಲಿನ ಪುಡಿ ಬಂದಿರೋದೂ ಉಂಟು. ಪ್ರತಿ ಪ್ಯಾಕೆಟ್ಟನ್ನೂ ಬೇರೆ ಬೇರೆಯಾಗಿ ಓದಬೇಕು.

ಮುಂಭಾಗದ ದೊಡ್ಡ ಅಕ್ಷರಗಳಿಗೆ ಮರುಳಾಗಬೇಡಿ. "ಎಗ್‌ಲೆಸ್" ಅಂದ್ರೆ ಮೊಟ್ಟೆ ಇಲ್ಲ, ಅಷ್ಟೇ. "ಜೈನ್" ಅಂದ್ರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲ, ಹಾಲಿರಬಹುದು. "ಲ್ಯಾಕ್ಟೋಸ್ ಫ್ರೀ" ಅಂದ್ರೆ ಹಾಲಿನ ಸಕ್ಕರೆ ಮಾತ್ರ ಇಲ್ಲ, ಹಾಲಿನ ಪ್ರೋಟೀನು ಹಾಗೇ ಇರತ್ತೆ.

ಇನ್ನೊಂದು ಚಿಕ್ಕ ಉಪಾಯ. ಪೋಷಕಾಂಶದ ಪಟ್ಟಿಯಲ್ಲಿ ಕೊಲೆಸ್ಟ್ರಾಲ್ ಸಾಲು ನೋಡಿ. ಗಿಡದ ಆಹಾರದಲ್ಲಿ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಬರೋಷ್ಟು ಇರಲ್ಲ. ಅಲ್ಲಿ 5, 8 ಮಿಲಿಗ್ರಾಂ ಅಂತ ಸಂಖ್ಯೆ ಇದ್ರೆ ಬೆಣ್ಣೆಯೋ ಚೀಸೋ ಎಲ್ಲೋ ಸೇರಿದೆ. ಆದ್ರೆ ಸೊನ್ನೆ ಇದೆ ಅಂತ ನಂಬಿ ಕೂರಬೇಡಿ. ಕೊಬ್ಬು ತೆಗೆದ ಹಾಲಿನ ಪುಡಿ ಸ್ವಲ್ಪ ಹಾಕಿದ್ರೆ ಕೊಲೆಸ್ಟ್ರಾಲ್ ಸೊನ್ನೆ ಅಂತಲೇ ಬರಬಹುದು.

ಒಂದು ಪ್ಯಾಕೆಟ್ ಒಟ್ಟಿಗೆ ಓದೋಣ

ಅಭ್ಯಾಸಕ್ಕೆ ಅಂತ ನಾನೇ ಬರೆದ ಪಟ್ಟಿ ಇದು. ಹಸಿರು ಚುಕ್ಕಿ ಇದೆ ಅಂತ ಇಟ್ಟುಕೊಳ್ಳಿ.

"ಆಲೂಗಡ್ಡೆ, ಬಟಾಣಿ, ಕ್ಯಾರೆಟ್, ಬ್ರೆಡ್ ಪುಡಿ, ಪಾಮ್ ಎಣ್ಣೆ, ಸೋಯಾ ಪ್ರೋಟೀನ್, ಜೋಳದ ಪಿಷ್ಟ, ಉಪ್ಪು, ಮಸಾಲೆ ಮಿಶ್ರಣ, ಸ್ಟೆಬಿಲೈಸರ್ 461, ಆ್ಯಸಿಡಿಟಿ ರೆಗ್ಯುಲೇಟರ್ 270. ಕಂಟೇನ್ಸ್ ವೀಟ್, ಸೋಯ್, ಮಿಲ್ಕ್."

ಪಟ್ಟಿ ಮಾತ್ರ ಓದಿದ್ರೆ ಹಾಲು ಎಲ್ಲೂ ಕಾಣಲ್ಲ. 461 ಸಸ್ಯದ್ದು, 270 ಹುಳಿ ಬರಿಸಿದ್ದು, ಎರಡೂ ಸರಿ. ಆದ್ರೆ ಕೊನೆ ಸಾಲು ಮಿಲ್ಕ್ ಅಂತಿದೆ. ಬ್ರೆಡ್ ಪುಡಿಯಲ್ಲೋ ಮಸಾಲೆ ಮಿಶ್ರಣದಲ್ಲೋ ಹಾಲಿದೆ. ತೀರ್ಮಾನ: ಸಸ್ಯಾಹಾರ ಹೌದು, ವೀಗನ್ ಅಲ್ಲ.

"ನ್ಯಾಚುರಲ್ ಬಟರ್ ಫ್ಲೇವರ್" ಥರ ಗೊಂದಲ ಇದ್ರೆ ಪ್ಯಾಕೆಟ್ ಮೇಲಿರೋ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆದು ಕೇಳಿ. ಪ್ರಶ್ನೆ ನೇರವಾಗಿರಲಿ: "ಇದರಲ್ಲಿ ಹಾಲು, ಜೇನು ಅಥವಾ ಬೇರೆ ಪ್ರಾಣಿಮೂಲದ ಪದಾರ್ಥ ಇದೆಯೇ?" ಒಂದ್ಸಲ ಓದಿದ್ದೀನಿ ಅಂತ ಬಿಡಬೇಡಿ, ಕಂಪನಿಗಳು ರೆಸಿಪಿ ಬದಲಾಯಿಸ್ತಾ ಇರ್ತಾವೆ.

ಹೊರದೇಶದಲ್ಲಿ ಇರೋರಿಗೆ

ವಿದೇಶದಲ್ಲಿರೋ ಅಣ್ಣ, ಅಕ್ಕಂದಿರಿಗೆ ಇದನ್ನ ಕಳಿಸೋರು ಇದ್ರೆ ಒಂದು ಮಾತು. ಅಮೆರಿಕ, ಬ್ರಿಟನ್‌ಗಳಲ್ಲಿ ನಮ್ಮ ಹಸಿರು ಚುಕ್ಕಿಯ ನಿಯಮ ಇಲ್ಲ. ಅಲ್ಲಿ "ವೆಜಿಟೇರಿಯನ್" ಅಂದ್ರೆ ಮೊಟ್ಟೆ ಕೂಡ ಸೇರಬಹುದು. ಬ್ರಿಟನ್ನಿನ ಕ್ವಾರ್ನ್ ಉತ್ಪನ್ನಗಳನ್ನೇ ತಗೊಳ್ಳಿ. ಒಂದು ಜಾತಿಯ ಶಿಲೀಂಧ್ರ ಬೆಳೆಸಿ ಮಾಡೋ ಪ್ರೋಟೀನು ಅದು. ಅದನ್ನ ಅಂಟಿಸಿ ಹಿಡಿಯೋಕೆ ಮೊಟ್ಟೆಯ ಬಿಳಿ ಬಳಸೋ ಉತ್ಪನ್ನಗಳಿವೆ, ವೀಗನ್ ಅಂತಲೇ ಪ್ರತ್ಯೇಕವಾಗಿ ಮಾಡಿರೋವೂ ಇವೆ. ಅಲ್ಲಿ "ಎಗ್ ವೈಟ್", "ಆಲ್ಬುಮಿನ್" ಪದಗಳನ್ನೂ ಹುಡುಕಬೇಕು. ಇ 120 ಅನ್ನೋ ಕೆಂಪು ಬಣ್ಣ ಕೀಟದಿಂದ ಬಂದಿದ್ದು. ವೀಗನ್ ಸೊಸೈಟಿಯ ಸೂರ್ಯಕಾಂತಿ ಹೂವಿನ ಗುರುತು ಇದ್ರೆ ಹುಡುಕೋ ಕೆಲಸ ಕಡಿಮೆ.

ನಾವು ತಯಾರಿಸೋರು ಏನು ಮಾಡಬೇಕು?

1. ಹೊರಗಿನಿಂದ ತರೋ ಪ್ರತಿ ಪದಾರ್ಥದ ಚೀಲದ ಹಿಂಭಾಗ ಫೋಟೋ ತೆಗೆದು, ತಾರೀಖು ಹಾಕಿ ಒಂದು ಫೋಲ್ಡರ್‌ನಲ್ಲಿ ಇಡಿ. ಮಸಾಲೆ, ಬ್ರೆಡ್ ಪುಡಿ, ಇಂಗು, ಸಾಸು ಯಾವುದೂ ಬಿಡಬೇಡಿ. ಹೊಸ ಚೀಲ ಬಂದಾಗ ಹೊಸ ಫೋಟೋ.
2. ಬದಲಿ ಹುಡುಕಿ. ನಾವು ಈಗ ಬ್ರೆಡ್ ಪುಡಿ ಬಿಟ್ಟು ಅವಲಕ್ಕಿ ಪುಡಿ ಮತ್ತು ಅಕ್ಕಿ ತರಿ ಹಚ್ತೀವಿ. ಒಳಗೆ ಅಂಟು ಹಿಡಿಯೋಕೆ ಹುರಿಗಡಲೆ ಹಿಟ್ಟು, ನೆನೆಸಿ ರುಬ್ಬಿದ ಅಗಸೆ ಬೀಜ. ಗರಿಗರಿ ಚೆನ್ನಾಗೇ ಬರತ್ತೆ, ಪದಾರ್ಥ ಎಲ್ಲ ನಮ್ಮ ಕಣ್ಣ ಮುಂದಿನದು.
3. ಘಟಕ ಹಂಚಿಕೊಂಡು ಬಳಸ್ತಿದ್ರೆ ಹಿಂದಿನವರು ಏನು ಮಾಡಿದ್ರು ಅಂತ ಕೇಳಿ. ಪನೀರ್ ಪ್ಯಾಟಿ ಕರಿದ ಎಣ್ಣೆಯಲ್ಲಿ ನಿಮ್ಮದನ್ನ ಕರಿಯಬೇಡಿ. ಒಂದೇ ಯಂತ್ರ ಬಳಸೋ ಕಡೆ ವೀಗನ್ ತಯಾರಿಕೆಗೆ ಮುಂಚೆ ಪೂರ್ತಿ ತೊಳೆದು ಸ್ವಚ್ಛ ಮಾಡಬೇಕು ಅಂತ ನಿಯಮವೇ ಇದೆ.
4. ವಿ ಗುರುತನ್ನ ನಮ್ಮಷ್ಟಕ್ಕೆ ನಾವೇ ಅಚ್ಚು ಹಾಕಿಸಿಕೊಳ್ಳೋ ಹಾಗಿಲ್ಲ. ಎಫ್‌ಎಸ್‌ಎಸ್‌ಎಐಗೆ ಅರ್ಜಿ ಹಾಕಿ ಒಪ್ಪಿಗೆ ಪಡೀಬೇಕು. ನಾವು ಮಾಡಿದ ಥರ "ವೀಗನ್" ಸ್ಟಿಕ್ಕರ್ ಅಂಟಿಸೋ ಕೆಲಸ ಮಾಡಬೇಡಿ. ಅಲ್ಲೀವರೆಗೆ ಪದಾರ್ಥಗಳ ಪಟ್ಟಿ ಪೂರ್ತಿಯಾಗಿ, ಪ್ರಾಮಾಣಿಕವಾಗಿ ಬರೆಯಿರಿ.
5. ಕೆಲವರು "ಹೊಲಕ್ಕೆ ಸಗಣಿ ಹಾಕ್ತೀರಾ?" ಅಂತಲೂ ಕೇಳ್ತಾರೆ. ನಾನು ಜೀವಾಮೃತ ಬಳಸೋನು, ಹಾಕ್ತೀನಿ ಅಂತಲೇ ಹೇಳ್ತೀನಿ. ನಿಯಮ ಮಾತಾಡೋದು ಆಹಾರದ ಪದಾರ್ಥ, ತಯಾರಿಕೆಯ ಬಗ್ಗೆ. ಗೊಬ್ಬರದ ವಿಷಯ ಗಿರಾಕಿಯ ಮನಸ್ಸಿಗೆ ಬಿಟ್ಟಿದ್ದು. ಕೇಳಿದಾಗ ಮುಚ್ಚಿಡಬಾರದು, ಅಷ್ಟೇ.

ಈಗ ಯಾರಾದ್ರೂ ಫೋನ್ ಮಾಡಿ "ಇದು ವೀಗನ್ನಾ?" ಅಂದ್ರೆ ನಾನು ತಕ್ಷಣ ಹೌದು ಅನ್ನಲ್ಲ. "ಎರಡು ನಿಮಿಷ ಕೊಡಿ, ನೋಡಿ ಹೇಳ್ತೀನಿ" ಅಂತೀನಿ. ಆ ಬ್ಯಾಚಿನ ಫೋಲ್ಡರ್ ತೆಗೆದು ನೋಡಿ ಆಮೇಲೆ ಹೇಳ್ತೀನಿ. ಅಲರ್ಜಿ ವಿಷಯ ಅಂದ್ರೆ, ಹಾಲು ಹಾಕಿಲ್ಲ ಆದ್ರೆ ಘಟಕ ಬೇರೆಯವರ ಜೊತೆ ಹಂಚಿಕೊಂಡಿದ್ದು ಅನ್ನೋದನ್ನೂ ಸೇರಿಸಿ ಹೇಳ್ತೀನಿ. ಕೆಲವರು ಕೊಳ್ಳದೇ ಇರಬಹುದು, ಇರಲಿ. ಅವತ್ತು ಫೋನ್ ಮಾಡಿದ್ದ ಆ ತಾಯಿ ಈಗಲೂ ಪ್ರತಿ ಸೀಸನ್ನಿಗೆ ನಮ್ಮ ಹತ್ತಿರ ಬರೀ ಹಲಸಿನ ಎಳೆಕಾಯಿ ತರಿಸಿಕೊಂಡು ಮಗನಿಗೆ ಮನೆಯಲ್ಲೇ ಪ್ಯಾಟಿ ಮಾಡ್ತಾರೆ.

ಇವತ್ತು ಸಂಜೆ ಮನೆಯಲ್ಲಿರೋ ಯಾವುದಾದ್ರೂ ಒಂದು ಪ್ಯಾಕೆಟ್ ತಗೊಂಡು, ಬಿಸ್ಕತ್ತಾದ್ರೂ ಸರಿ, ಈ ಐದು ಹಂತ ಹಾಕಿ ನೋಡಿ. ಎರಡು ಮೂರು ಸಲ ಮಾಡಿದ್ರೆ ಕಣ್ಣು ತಾನಾಗೇ ಕೊನೆ ಸಾಲಿಗೆ ಹೋಗತ್ತೆ.

ಮುಂದಿನ ವಾರ ಹಲಸಿನ ಎಳೆಕಾಯಿಯನ್ನ ಕಪ್ಪಾಗದ ಹಾಗೆ ಕೊಯ್ದು, ಬೇಯಿಸಿ, ಕೆಡದಂತೆ ಇಡೋದು ಹೇಗೆ ಅಂತ ನೋಡೋಣ.